ಹಳ್ಳದ ನೀರಿನ ಲೆಕ್ಕ: ಶಿಂಷಾ ಸೀಮೆಯ ಜಲಶುದ್ಧಿಯನ್ನು ಕುರಿತು

(ಮದ್ದೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ದತ್ತಿ ಉಪನ್ಯಾಸವೆಂದರೆ ಸಾಹಿತ್ಯಕ್ಕೋ ಧರ್ಮಕ್ಕೋ ಚರಿತ್ರೆಗೋ ಮೀಸಲಾಗಿರತಕ್ಕದ್ದೆಂಬ ಭಾವನೆ ರೂಢವಾಗಿರುವ ನಮ್ಮ ನಾಡಿನಲ್ಲಿ, ಊರ ಹಿಂದಣ ಹಳ್ಳವನ್ನೂ ಅದರ ನೀರಿನಲ್ಲಿ ಕಣ್ಣಿಗೆ ಗೋಚರಿಸದೆ ಬಾಳುವ ಸೂಕ್ಷ್ಮಜೀವಿಗಳನ್ನೂ ಕುರಿತು ಮಾತನಾಡಬೇಕೆಂದು ನನ್ನನ್ನು ಕರೆದ ಸಂಚಾಲಕರ ಔದಾರ್ಯಕ್ಕೆ ನಾನು ಋಣಿಯಾಗಿದ್ದೇನೆ. ವಿಷಯವು ಅಷ್ಟೇನೂ ಘನವಾದುದಲ್ಲವೆಂದು ಯಾರಿಗಾದರೂ ತೋರುವುದಾದರೆ ಅವರಿಗೆ ಬಿನ್ನವಿಸಬೇಕಾದದ್ದು ಇಷ್ಟು: 2022ರಲ್ಲಿ ರಾಯಚೂರು ನಗರದಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ, 2024ರಲ್ಲಿ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ಕಲುಷಿತ ಜಲವನ್ನು ಕುಡಿದು ಜನರು ಹಾಸಿಗೆ ಹಿಡಿದರು. ಮೂರೆಡೆಯೂ ಸಾವು ಸಂಭವಿಸಿತು. ಇವು ಪುರಾತನ ಕಾಲದ ಮಾರಿಯ ಕಥೆಗಳಲ್ಲ. ಮನೆಮನೆಗೂ ನಲ್ಲಿಯನ್ನು ಕೊಡುವ ಯೋಜನೆಗಳು ನಡೆಯುತ್ತಿರುವ ನಮ್ಮ ಕಾಲದಲ್ಲಿಯೇ ಆದ ಘಟನೆಗಳು.

ಈ ಉಪನ್ಯಾಸದಲ್ಲಿ ನಾನು ಪ್ರತಿಪಾದಿಸಲಿರುವ ವಿಚಾರ ಒಂದೇ. ಹಳ್ಳದ ನೀರಿನ ಶುದ್ಧಿಯೆಂಬುದು ಮೇಲಣ ಊರು ಕೆಳಗಣ ಊರಿಗೆ ಸಲ್ಲಿಸಬೇಕಾದ ಋಣ. ಆ ಋಣವನ್ನು ಕಣ್ಣಂದಾಜಿನಿಂದಾಗಲಿ ನಂಬಿಕೆಯಿಂದಾಗಲಿ ಅಳೆಯಲು ಬಾರದು. ಪ್ರತಿಯೊಂದು ಊರೂ ತನ್ನ ನೀರಿನ ಲೆಕ್ಕವನ್ನು ತಾನೇ ಬರೆದು ಎಲ್ಲರೂ ಓದುವಂತೆ ತೂಗುಹಾಕುವ ಪದ್ಧತಿ ಬಂದ ಹೊರತು ಅದು ತೀರುವ ಬಗೆಯೂ ಕಾಣದು.

1

ಮೊದಲು ನಮ್ಮ ಹೊಳೆಯ ಸ್ವರೂಪವನ್ನು ಸ್ಮರಿಸಿಕೊಳ್ಳೋಣ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಜನಿಸಿ, ಕುಣಿಗಲ್ ಸೀಮೆಯ ಮಾರ್ಕೋನಹಳ್ಳಿ ಜಲಾಶಯದಲ್ಲಿ ತಂಗಿ, ಮದ್ದೂರಿನ ಮಗ್ಗುಲಲ್ಲಿಯೂ ವೈದ್ಯನಾಥಪುರದ ದೇಗುಲದ ಮುಂದೆಯೂ ಹಾಯ್ದು, ಇಗ್ಗಲೂರಿನ ಕಟ್ಟೆಯನ್ನು ದಾಟಿ, ಹಲಗೂರಿನ ಕಡೆಗೆ ತಿರುಗಿ, ಕಡೆಗೆ ಶಿವನಸಮುದ್ರದ ಜಲಪಾತಗಳಿಗಿಂತ ಕೆಳಗೆ ಕಾವೇರಿಯಲ್ಲಿ ಲೀನವಾಗುವ ಶಿಂಷೆಯ ಉದ್ದ 221 ಕಿಲೋಮೀಟರು. ಅದರ ಜಲಾನಯನ ಪ್ರದೇಶ ಸುಮಾರು 8,469 ಚದರ ಕಿಲೋಮೀಟರು. ಹಳೆಯ ಸ್ಥಳಪುರಾಣಗಳು ಇದನ್ನು ಕದಂಬ ನದಿಯೆಂದು ಕರೆದಿವೆ. ಆದರೆ ನದಿಯೆಂಬ ಒಂದು ಹೆಸರಿನ ಹಿಂದೆ ನಿಂತಿರುವುದು ನೂರಾರು ಅನಾಮಧೇಯ ಹಳ್ಳಗಳ ಸಮೂಹ. ನಕಾಶೆಯಲ್ಲಿ ಕೂದಲೆಳೆಯಷ್ಟೂ ಕಾಣದ, ಊರವರು ‘ದೊಡ್ಡ ಹಳ್ಳ’, ‘ಚಿಕ್ಕ ಹಳ್ಳ’ ಎಂದಷ್ಟೇ ಕರೆಯುವ ಈ ತೊರೆಗಳಲ್ಲಿಯೇ ಬಟ್ಟೆ ಒಗೆಯುವುದು, ದನಕರುಗಳ ಮೈ ತೊಳೆಯುವುದು, ಹಬ್ಬದ ಮರುದಿನ ಪಾತ್ರೆ ಬೆಳಗುವುದು, ಮಕ್ಕಳು ಈಜು ಕಲಿಯುವುದು, ಸತ್ತವರ ಹನ್ನೊಂದನೆಯ ದಿನದ ಸ್ನಾನವಾಗುವುದು. ನದಿಯನ್ನು ನಾವು ಸೇತುವೆಯ ಮೇಲಿನಿಂದ ನೋಡುತ್ತೇವೆ. ಹಳ್ಳದಲ್ಲಿ ಮೊಣಕಾಲುದ್ದ ಇಳಿದು ನಿಲ್ಲುತ್ತೇವೆ. ಆದುದರಿಂದ ರೋಗದ ದೃಷ್ಟಿಯಿಂದ ಹೊಳೆಗಿಂತ ಹಳ್ಳವೇ ನಮಗೆ ಹೆಚ್ಚು ಸಮೀಪದ ಸಂಬಂಧಿ.

ಮಂಡ್ಯ ಸೀಮೆಯ ಹಳ್ಳಗಳಿಗೆ ಮತ್ತೊಂದು ವೈಶಿಷ್ಟ್ಯ ಉಂಟು. ಬಯಲುಸೀಮೆಯ ಇತರ ಹಳ್ಳಗಳು ಮಳೆ ಬಂದಾಗ ಹರಿದು ಮಳೆ ಹೋದಾಗ ಒಣಗುತ್ತವೆ. ಇಲ್ಲಿಯ ಹಳ್ಳಗಳಲ್ಲಿ ಬಹುಭಾಗ ನಾಲೆಯ ಬಸಿನೀರಿನಿಂದ ಜೀವ ಹಿಡಿದಿವೆ. 1911ರಲ್ಲಿ ಆರಂಭವಾಗಿ 1931ರ ವೇಳೆಗೆ ಪೂರ್ಣಗೊಂಡ ಕನ್ನಂಬಾಡಿ ಕಟ್ಟೆಯಿಂದ, ಆಗ ಇರ್ವಿನ್ ನಾಲೆಯೆಂದೂ ಈಗ ವಿಶ್ವೇಶ್ವರಯ್ಯ ನಾಲೆಯೆಂದೂ ಪ್ರಸಿದ್ಧವಾದ ಕಾಲುವೆಯ ಮೂಲಕ ಬಂದ ನೀರು ಭತ್ತದ ಗದ್ದೆಯಲ್ಲಿ ನಿಂತು, ಕಬ್ಬಿನ ಸಾಲುಗಳಲ್ಲಿ ಹಾದು, ತಿಪ್ಪೆಗಳ ಬುಡವನ್ನು ಸವರಿ, ಕೊಟ್ಟಿಗೆಗಳ ಹಿಂಬದಿಯನ್ನು ಮುಟ್ಟಿ, ಇಳಿಜಾರನ್ನು ಹುಡುಕಿಕೊಂಡು ಹಳ್ಳಕ್ಕೆ ಸೇರುತ್ತದೆ. ಅಂದಮೇಲೆ ನಮ್ಮ ಹಳ್ಳದ ನೀರು ಆಗಲೇ ಯಾರೋ ಒಬ್ಬರ ಹೊಲವನ್ನೋ ಹಿತ್ತಲನ್ನೋ ಕಂಡುಬಂದ ನೀರು. ನೀರಾವರಿಯು ಆರೋಗ್ಯದ ಪ್ರಶ್ನೆಯನ್ನೂ ತನ್ನ ಬೆನ್ನ ಹಿಂದೆಯೇ ಕರೆತರುತ್ತದೆಂಬುದನ್ನು ಮೈಸೂರು ಸಂಸ್ಥಾನ ಬೇಗ ಅರಿಯಿತು. 1920ರ ದಶಕದ ಕಡೆಯ ಭಾಗದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಅದು ಮಲೇರಿಯಾ ನಿಯಂತ್ರಣವನ್ನೂ ಗ್ರಾಮಾರೋಗ್ಯದ ಕಾರ್ಯವನ್ನೂ ಕೈಗೊಂಡಾಗ ಮಂಡ್ಯ ಸೀಮೆಯೂ ಅದರ ಕಾರ್ಯಕ್ಷೇತ್ರಗಳಲ್ಲಿ ಒಂದಾಗಿತ್ತು. ಅಂದು ಸೊಳ್ಳೆಯ ಮೇಲೆ ಇಟ್ಟ ದೃಷ್ಟಿಯನ್ನು ಇಂದು ನೀರಿನೊಳಗಣ ಕ್ರಿಮಿಯ ಮೇಲೂ ಇಡಬೇಕಾಗಿದೆ.

2

ಹರಿಯುವ ನೀರಿಗೆ ಮೈಲಿಗೆ ಇಲ್ಲವೆಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಇದನ್ನು ಅಜ್ಞಾನವೆಂದು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ಏತಕ್ಕೆಂದರೆ ಪ್ರವಾಹಕ್ಕೆ ಸ್ವಶುದ್ಧೀಕರಣದ ಶಕ್ತಿಯಿರುವುದು ಶಾಸ್ತ್ರಸಿದ್ಧವಾದ ಮಾತು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತವೆ. ಮಂದಗತಿಯ ನೀರಿನಲ್ಲಿ ಅವು ಮಣ್ಣಿನ ಕಣಗಳಿಗೆ ಅಂಟಿ ತಳಕ್ಕೆ ಇಳಿಯುತ್ತವೆ. ಏಕಕೋಶಜೀವಿಗಳು ಅವನ್ನು ಭಕ್ಷಿಸುತ್ತವೆ. ಗಾಳಿಯಿಂದ ಕರಗಿದ ಆಮ್ಲಜನಕದ ಸಹಾಯದಿಂದ ಇತರ ಜೀವಾಣುಗಳು ಕೊಳೆತುದನ್ನು ನಿರಪಾಯವಾದ ವಸ್ತುವನ್ನಾಗಿ ಪರಿವರ್ತಿಸುತ್ತವೆ. 1896ರಲ್ಲಿ ಅರ್ನೆಸ್ಟ್ ಹ್ಯಾಂಕಿನ್ ಎಂಬ ವಿಜ್ಞಾನಿ ಗಂಗಾ ಯಮುನೆಯರ ನೀರಿನಲ್ಲಿ ಕಾಲರಾ ಕ್ರಿಮಿಯನ್ನು ನಾಶಮಾಡುವ ಏನೋ ಒಂದು ಗುಣವಿದೆಯೆಂದೂ ಕಾಯಿಸಿದರೆ ಆ ಗುಣ ಹೋಗುತ್ತದೆಂದೂ ಪ್ರಕಟಿಸಿದನು. ಬ್ಯಾಕ್ಟೀರಿಯಗಳನ್ನೇ ತಿನ್ನುವ ವೈರಸ್ಸುಗಳ ಪರಿಚಯವು ಲೋಕಕ್ಕೆ ಆದದ್ದು ಆಮೇಲೆ. ಅಮೆರಿಕದ ಒಹಾಯೊ ನದಿಯನ್ನು ಕುರಿತು ಸ್ಟ್ರೀಟರ್ ಮತ್ತು ಫೆಲ್ಪ್ಸ್ ಎಂಬುವರು 1925ರಲ್ಲಿ ರಚಿಸಿದ ಸಮೀಕರಣಗಳು, ಕೊಳೆ ಬಿದ್ದ ಹೊಳೆ ಎಷ್ಟು ದೂರದಲ್ಲಿ ಚೇತರಿಸಿಕೊಳ್ಳಬಲ್ಲುದೆಂಬುದನ್ನು ಗಣಿತದ ಭಾಷೆಯಲ್ಲಿ ನಿರೂಪಿಸಿದುವು.

ಹಾಗಾದರೆ ನಂಬಿಕೆ ಸೋಲುವುದು ಎಲ್ಲಿ? ಕಾಲದಲ್ಲಿ ಮತ್ತು ದೂರದಲ್ಲಿ. ಸೆಕೆಂಡಿಗೆ ಅರ್ಧ ಮೀಟರಿನಂತೆ, ಎಂದರೆ ಮಗು ನಡೆಯುವ ವೇಗದಲ್ಲಿ, ಹರಿಯುವ ನೀರು ಒಂದು ಅಹೋರಾತ್ರದಲ್ಲಿ 43 ಕಿಲೋಮೀಟರು ಸಾಗುತ್ತದೆ. ನಡುವೆ ಯಾವ ಕಟ್ಟೆಯೂ ಇಲ್ಲದಿದ್ದರೆ ದೇವರಾಯನದುರ್ಗದಲ್ಲಿ ಬಿದ್ದ ಹನಿ ಕಾವೇರಿಯನ್ನು ತಲಪಲು ಐದು ದಿನಗಳು ಸಾಕು. ಕರುಳಿನಿಂದ ಹೊರಬಿದ್ದ ಬ್ಯಾಕ್ಟೀರಿಯಗಳ ಸಮುದಾಯ ನೀರಿನಲ್ಲಿ ಕ್ಷೀಣಿಸುವುದಕ್ಕೆ ಹಿಡಿಯುವುದೂ ಕೆಲವು ದಿನಗಳೇ. ನೀರು ಕದಡಿದ್ದರೆ ಬಿಸಿಲು ಒಳಗಿಳಿಯದೆ ಆ ಅವಧಿ ಮತ್ತಷ್ಟು ದೀರ್ಘವಾಗುತ್ತದೆ. ಆದರೆ ಮದ್ದೂರು ತಾಲ್ಲೂಕಿನ ಒಂದು ಊರಿಗೂ ಹಳ್ಳದ ಮೇಲಣ ಇನ್ನೊಂದು ಊರಿಗೂ ಇರುವ ಅಂತರ ಎರಡೋ ಮೂರೋ ಕಿಲೋಮೀಟರು. ನೀರಿಗೆ ಅದು ಮೂರು ನಾಲ್ಕು ಗಳಿಗೆಯ ಹಾದಿ. ಪೂರ್ವಿಕರ ಕಾಲದಲ್ಲಿ ಊರುಗಳು ವಿರಳವಾಗಿ, ಜನ ಕಡಮೆಯಾಗಿ, ಹೊಳೆಯ ಪಾತ್ರ ತುಂಬಿದ್ದಾಗ ಸಮಂಜಸವಾಗಿದ್ದ ನಂಬಿಕೆಯನ್ನು ನಾವು ನಮ್ಮ ಕಾಲದ ಇಕ್ಕಟ್ಟಿಗೆ ಅನ್ವಯಿಸಿಕೊಂಡು ಕುಳಿತಿದ್ದೇವೆ.

ಮಿಶ್ರಣದ ಲೆಕ್ಕವನ್ನೂ ಇಲ್ಲಿಯೇ ಮಾಡಿಬಿಡುವುದು ಲೇಸು. ಸಂಸ್ಕರಿಸದ ಚರಂಡಿ ನೀರಿನ 100 ಮಿಲಿಲೀಟರಿನಲ್ಲಿ ಕೋಲಿಫಾರ್ಮ್ ಎಂಬ ವರ್ಗದ ಬ್ಯಾಕ್ಟೀರಿಯಗಳು ಸುಮಾರು ಒಂದು ಕೋಟಿಯಷ್ಟು ಇರುವುದು ಅಸಾಧಾರಣವೇನೂ ಅಲ್ಲ. ಸ್ನಾನಕ್ಕೆ ಯೋಗ್ಯವೆಂದು ನಮ್ಮ ದೇಶದಲ್ಲಿ ವರ್ಗೀಕರಿಸಿರುವ ನೀರಿನಲ್ಲಿ ಅದೇ 100 ಮಿಲಿಲೀಟರಿಗೆ ಅವು 500ನ್ನು ಮೀರಕೂಡದು. ಹಾಗಾದರೆ ಒಂದೇ ಒಂದು ಲೀಟರು ಚರಂಡಿ ನೀರನ್ನು, ನಾಶವಾಗಲು ಕಾಲಾವಕಾಶವಿಲ್ಲದಂತೆ, ಬರಿಯ ಬೆರಕೆಯಿಂದಲೇ ಸ್ನಾನಯೋಗ್ಯವಾಗಿಸಬೇಕಾದರೆ 20,000 ಲೀಟರು ನಿರ್ಮಲ ಜಲ ಬೇಕು. ಚೈತ್ರ ವೈಶಾಖದಲ್ಲಿ ಪಾದ ತೋಯುವಷ್ಟು ಮಾತ್ರ ಹರಿಯುವ ಹಳ್ಳವು ಆ ಸಂಪತ್ತನ್ನು ಎಲ್ಲಿಂದ ತರಬೇಕು?

3

ಕಾಣದುದನ್ನು ಎಣಿಸುವುದು ಹೇಗೆಂಬ ಪ್ರಶ್ನೆ ಸಹಜವಾದದ್ದು. ಲಂಡನ್ನಿನ ವೈದ್ಯ ಜಾನ್ ಸ್ನೋ 1854ರಲ್ಲಿ ಕಾಲರಾ ಪೀಡಿತರ ಮನೆಗಳನ್ನು ಬೀದಿಬೀದಿಯಾಗಿ ಗುರುತಿಸಿ, ಒಂದು ಪಂಪಿನ ನೀರೇ ರೋಗದ ವಾಹಕವೆಂದು ತೋರಿಸಿದನು. ಆದರೆ ಆ ನೀರಿನಲ್ಲಿದ್ದುದೇನೆಂಬುದನ್ನು ಅವನು ತೋರಿಸಲಾರದೆ ಹೋದನು. ಮೂವತ್ತು ವರ್ಷಗಳ ತರುವಾಯ, 1884ರಲ್ಲಿ, ರಾಬರ್ಟ್ ಕೋಖ್ ಕಲಕತ್ತೆಯ ಒಂದು ಕೆರೆಯ ನೀರಿನಲ್ಲಿ ಕಾಲರಾ ಕ್ರಿಮಿಯನ್ನು ಕಂಡನು. ಜನರು ಸ್ನಾನಮಾಡಿ, ಬಟ್ಟೆ ಒಗೆದು, ಅದೇ ನೀರನ್ನು ಕುಡಿಯುತ್ತಿದ್ದ ಕೆರೆ ಅದು. ಮರುವರ್ಷ, 1885ರಲ್ಲಿ, ಥಿಯೊಡೋರ್ ಎಷರಿಷ್ ಎಂಬ ಶಿಶುವೈದ್ಯನು ಮನುಷ್ಯರ ಕರುಳಿನಲ್ಲಿ ನಿತ್ಯವಾಸಿಯಾದ ಒಂದು ಬ್ಯಾಕ್ಟೀರಿಯವನ್ನು ವರ್ಣಿಸಿದನು. ಅವನ ಹೆಸರಿನಿಂದಲೇ ಅದು ಇಂದು ಎಷರೀಷಿಯ ಕೋಲಿ, ಸಂಕ್ಷೇಪದಲ್ಲಿ ಇ. ಕೋಲಿ.

ಈ ಇ. ಕೋಲಿಯ ಬಹುಪಾಲು ತಳಿಗಳು ನಿರುಪದ್ರವಿಗಳು. ಆದರೂ ನೀರಿನ ಪರೀಕ್ಷೆಯಲ್ಲಿ ಅದಕ್ಕೆ ಪ್ರಧಾನಸ್ಥಾನ ಬಂದುದಕ್ಕೆ ಕಾರಣವುಂಟು. ಕಾಲರಾ, ವಿಷಮಶೀತಜ್ವರ, ಆಮಶಂಕೆಗಳ ಕ್ರಿಮಿಗಳನ್ನು ಒಂದೊಂದಾಗಿ ಅರಸುವುದು ಕಷ್ಟಸಾಧ್ಯ. ಅವು ಒಂದು ದಿನ ಇರುತ್ತವೆ, ಇನ್ನೊಂದು ದಿನ ಇರುವುದಿಲ್ಲ. ಇ. ಕೋಲಿಯಾದರೋ ಮಲ ಬಿದ್ದಲ್ಲೆಲ್ಲ ಅಪಾರ ಸಂಖ್ಯೆಯಲ್ಲಿ ಇದ್ದೇ ಇರುತ್ತದೆ. ಅದು ಸಿಕ್ಕಿತೆಂದರೆ, ರೋಗಾಣುಗಳು ಬರುವ ದಾರಿ ತೆರೆದಿದೆಯೆಂದು ಅರ್ಥ. ಹಾಲಿನ ಸಕ್ಕರೆಯನ್ನು ಬೆರೆಸಿದ ದ್ರಾವಣವುಳ್ಳ ನಳಿಗೆಗಳಲ್ಲಿ ನೀರಿನ ಮಾದರಿಯನ್ನು ಹಾಕಿ, ಒಂದೆರಡು ದಿನ ಶರೀರದ ಉಷ್ಣತೆಯಲ್ಲಿಟ್ಟು, ಎಷ್ಟು ನಳಿಗೆಗಳಲ್ಲಿ ಅನಿಲವು ಹುಟ್ಟಿತೆಂಬುದರಿಂದ ‘ಅತ್ಯಂತ ಸಂಭಾವ್ಯ ಸಂಖ್ಯೆ’ಯನ್ನು ನಿರ್ಣಯಿಸುವುದು ಇದರ ಹಳೆಯ ಕ್ರಮ. ಪ್ರಯೋಗಶಾಲೆ ಇಲ್ಲದೆಡೆಯಲ್ಲಿ ಉಪಯೋಗಿಸತಕ್ಕ ಸುಲಭೋಪಾಯವೊಂದನ್ನು ಭಾರತೀಯ ವಿಜ್ಞಾನಿಗಳಾದ ಮಂಜ, ಮೌರ್ಯ ಮತ್ತು ರಾವ್ 1982ರಲ್ಲಿ ಲೋಕಕ್ಕೆ ಕೊಟ್ಟರು: ಔಷಧ ಸವರಿದ ಕಾಗದದ ಪಟ್ಟಿಯಿರುವ ಸೀಸೆಗೆ ನೀರನ್ನು ತುಂಬಿ ಬೆಚ್ಚಗಿನ ಸ್ಥಳದಲ್ಲಿಟ್ಟರೆ, ಮಲಸಂಪರ್ಕವಿರುವ ನೀರು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಹೈಡ್ರೋಜನ್ ಸಲ್ಫೈಡಿನ ದೆಸೆಯಿಂದ ಕಪ್ಪಾಗುತ್ತದೆ. ಇಂದು ಜಲ ಜೀವನ ಅಭಿಯಾನದಲ್ಲಿ ಗ್ರಾಮದ ಮಹಿಳೆಯರ ಕೈಗೆ ಬಂದಿರುವುದು ಈ ವಂಶದ ಸೀಸೆಯೇ. ಅದು ಸಂಖ್ಯೆಯನ್ನು ಹೇಳಲಾರದು; ಹೌದು ಅಲ್ಲ ಎಂಬಿಷ್ಟನ್ನು ಹೇಳಬಲ್ಲುದು. ಊರಿನ ಮೊದಲ ಎಚ್ಚರಿಕೆಗೆ ಅಷ್ಟು ಸಾಕು.

ಪರೀಕ್ಷೆಗೂ ಮಿತಿಯುಂಟೆಂಬುದನ್ನು ಮರೆಯಕೂಡದು; ಅದಕ್ಕೆ ನಮ್ಮ ಕೊಕ್ಕರೆ ಬೆಳ್ಳೂರಿಗಿಂತ ಉತ್ತಮ ನಿದರ್ಶನ ಬೇಕಿಲ್ಲ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಣ ಹುಣಿಸೆಯ ಮರಗಳಲ್ಲಿ ಗೂಡುಕಟ್ಟುವ, 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂಬ ಮನ್ನಣೆ ಪಡೆದ ಆ ಊರಿನಲ್ಲಿ ರೈತರು ಮರದ ಬುಡದಲ್ಲಿ ಗುಂಡಿ ತೋಡಿ, ಹಕ್ಕಿಗಳ ಹಿಕ್ಕೆಗೆ ಕೆರೆಯ ಗೋಡು ಬೆರೆಸಿ ಗೊಬ್ಬರವನ್ನು ಮಾಡಿಕೊಳ್ಳುತ್ತಾರೆ. ಇ. ಕೋಲಿಯು ಬೆಚ್ಚನೆಯ ರಕ್ತದ ಪ್ರಾಣಿಗಳ ಕರುಳಿನ ಜೀವಿ; ಆ ಕರುಳು ಮನುಷ್ಯನದೋ ಎಮ್ಮೆಯದೋ ಹೆಜ್ಜಾರ್ಲೆಯದೋ ಎಂಬುದನ್ನು ಸಾಮಾನ್ಯ ಪರೀಕ್ಷೆ ತಿಳಿಸದು. ಮನುಷ್ಯನ ಕಶ್ಮಲವು ಮನುಷ್ಯನಿಗೆ ಹೆಚ್ಚು ಅಪಾಯಕರವಾದ್ದರಿಂದ, ಸೀಸೆ ಕಪ್ಪಾದ ಮೇಲೆ ದಡದಲ್ಲಿ ನಡೆದು ಮೂಲವನ್ನು ಹುಡುಕುವ ಕೆಲಸ ಮನುಷ್ಯನಿಗೇ ಉಳಿಯುತ್ತದೆ. ಅದೇ ಊರಿನಲ್ಲಿ 2017ರ ಕೊನೆಯಿಂದ 2018ರ ಮೊದಲ ಭಾಗದವರೆಗೆ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತು ಬಿದ್ದಾಗ, ಶವಪರೀಕ್ಷೆಯಲ್ಲಿ ಅವುಗಳ ಹೊಟ್ಟೆಯಲ್ಲಿ ಜಂತುಹುಳುಗಳು ಕಂಡುಬಂದುವು. ಅದು ಬ್ಯಾಕ್ಟೀರಿಯದ ಕಥೆಯಲ್ಲ; ಆದುದರಿಂದ ಇ. ಕೋಲಿಯ ಪರೀಕ್ಷೆಗೆ ಸಿಗುವಂಥದೂ ಅಲ್ಲ. ಅಂಥ ಹುಳುಗಳು ಹಕ್ಕಿಯ ಹೊಟ್ಟೆಗೆ ಬರುವುದು ಮೀನಿನ ಮೂಲಕ. ಜಲವನ್ನು ಆಶ್ರಯಿಸಿದ ಒಂದು ಜೀವಿಯ ವ್ಯಾಧಿಯು ಆಹಾರದ ಸರಪಳಿಯಲ್ಲಿ ಇನ್ನೊಂದಕ್ಕೆ ದಾಟುವ ಬಗೆಗೆ ಇದೊಂದು ಸಾಕ್ಷ್ಯ.

ಇಲ್ಲಿ ಒಂದು ಅಪ್ರಿಯ ಸತ್ಯವನ್ನೂ ನುಡಿಯಬೇಕು. ನಮ್ಮ ಸಮಾಜ ಶತಮಾನಗಳಿಂದ ನೀರಿನ ಶುದ್ಧಿಯನ್ನು ಬಹು ಕಟ್ಟುನಿಟ್ಟಾಗಿ ಕಾಯ್ದುಕೊಂಡುಬಂದಿತೆಂದು ಹೆಮ್ಮೆಪಡುತ್ತೇವೆ. ಕಾಯ್ದದ್ದು ಏನನ್ನು? ಯಾರು ಮುಟ್ಟಿದರೆಂಬುದನ್ನು ಕಾಯ್ದೆವು. ನೀರಿನಲ್ಲಿ ಏನು ಬಿದ್ದಿತೆಂಬುದನ್ನು ನೋಡಲಿಲ್ಲ. ದನಗಳು ಇಳಿಯುತ್ತಿದ್ದ ಕೆರೆಗೆ ಅಸ್ಪೃಶ್ಯರೆನಿಸಿದ ಮನುಷ್ಯರು ಇಳಿಯಕೂಡದೆಂಬ ನಿಷೇಧವನ್ನು ಮುರಿಯಲು ಡಾ. ಅಂಬೇಡ್ಕರರು 1927ರ ಮಾರ್ಚ್ ತಿಂಗಳಲ್ಲಿ ಮಹಾಡಿನ ಚೌದಾರ್ ಕೆರೆಯ ನೀರನ್ನು ಬೊಗಸೆಯಲ್ಲೆತ್ತಿ ಕುಡಿಯಬೇಕಾಯಿತು. ಹಳ್ಳದ ಮೇಲುಭಾಗ ಕೆಲವರಿಗೆ, ಕೆಳಭಾಗ ಕೆಲವರಿಗೆ ಎಂಬ ಹಂಚಿಕೆ ನಮ್ಮ ಊರುಗಳಿಗೂ ಅಪರಿಚಿತವಲ್ಲ. ಮೇಲಿನವರು ತೊಳೆದುದು ಕೆಳಗಿನವರ ಕೊಡಕ್ಕೆ ಬರುತ್ತಿತ್ತು. ಸೂಕ್ಷ್ಮದರ್ಶಕವು ಈ ಶೌಚಕಲ್ಪನೆಯ ಒಂದಂಶವನ್ನೂ ಎತ್ತಿಹಿಡಿಯುವುದಿಲ್ಲ.

4

ಇನ್ನು ಕಾಲುಷ್ಯದ ಮೂಲಗಳ ವಿಚಾರ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ದೇಶದಾದ್ಯಂತ 351 ಮಲಿನ ನದೀಭಾಗಗಳನ್ನು ಗುರುತಿಸಿತು. ಕರ್ನಾಟಕದ್ದು ಅದರಲ್ಲಿ 17. ಅವುಗಳಲ್ಲಿ ಒಂದು ಶಿಂಷೆಯ ಯಡಿಯೂರಿನಿಂದ ಹಲಗೂರಿನವರೆಗಣ ಭಾಗ. ಮದ್ದೂರು ಇದರ ಮಧ್ಯದಲ್ಲಿದೆ. ಆದರೆ ಆ ಪಟ್ಟಿಗೆ ಆಧಾರವಾದದ್ದು ನೀರಿನ ಆಮ್ಲಜನಕದ ಬೇಡಿಕೆ. ಅಂದರೆ ಕೊಳೆತ ವಸ್ತುವನ್ನು ಜೀರ್ಣಿಸಲು ಜೀವಾಣುಗಳು ಒಂದು ಲೀಟರಿನಲ್ಲಿ ಎಷ್ಟು ಮಿಲಿಗ್ರಾಂ ಆಮ್ಲಜನಕವನ್ನು ಹೀರಿಕೊಳ್ಳುವುವೆಂಬ ಮಾನ. ಅದು 3 ಮಿಲಿಗ್ರಾಮನ್ನು ಮೀರಿದರೆ ನದಿಯು ಪಟ್ಟಿಗೆ ಸೇರುತ್ತದೆ. ಬೇಸಗೆಯ ನೀರಿನಲ್ಲಿ ಲೀಟರಿಗೆ ಎಂಟು ಮಿಲಿಗ್ರಾಮಿನ ಆಸುಪಾಸಿನಲ್ಲಷ್ಟೇ ಆಮ್ಲಜನಕ ಕರಗಿರಬಲ್ಲುದಾದ್ದರಿಂದ ಮೀನುಗಳಿಗೆ ಈ ಮಾನವೇ ಪ್ರಾಣಪ್ರಶ್ನೆ. ಮನುಷ್ಯನ ಕರುಳಿಗೆ ಮಾತ್ರ ಇದು ಪೂರ್ಣ ಉತ್ತರವಲ್ಲ. ಆಮ್ಲಜನಕ ಸಾಕಷ್ಟಿರುವ, ತಳದ ಕಲ್ಲು ಕಾಣುವಷ್ಟು ತಿಳಿಯಾದ ಹಳ್ಳದಲ್ಲಿಯೂ ಬ್ಯಾಕ್ಟೀರಿಯಗಳು ಮಿತಿಮೀರಿ ಇರಬಹುದು. ಇದಲ್ಲದೆ ಪಟ್ಟಿಯಲ್ಲಿರುವುದು ನದಿ. ಹಳ್ಳಗಳನ್ನು ಯಾವ ಪಟ್ಟಿಯೂ ಕೇಳುವುದಿಲ್ಲ.

ಹಳ್ಳಕ್ಕೆ ಬರುವ ಕಶ್ಮಲದ ದಾರಿಗಳು ಯಾರಿಗೂ ಗುಟ್ಟಲ್ಲ. ಬಚ್ಚಲ ನೀರನ್ನು ಹೊತ್ತ ಊರ ಚರಂಡಿ ನೇರವಾಗಿ ಹಳ್ಳದಲ್ಲಿ ಮುಗಿಯುತ್ತದೆ. ತಿಪ್ಪೆಗಳು ಹಳ್ಳದ ಏರಿಯ ಮೇಲೆಯೇ ಬೆಳೆಯುತ್ತವೆ. ಆಲೆಮನೆಯ ಕೊಪ್ಪರಿಗೆ ತೊಳೆದ ನೀರು ಸಿಹಿಯಾದದ್ದೆಂಬ ಮಾತ್ರಕ್ಕೆ ಹಳ್ಳಕ್ಕೆ ಹಿತವಾದದ್ದಲ್ಲ. ಆ ಸಕ್ಕರೆಯ ಅಂಶವೇ ಆಮ್ಲಜನಕವನ್ನು ನುಂಗುತ್ತದೆ. ಇವೆಲ್ಲಕ್ಕಿಂತ ಹೊಸದಾದ ಸಮಸ್ಯೆಯೊಂದು ನಮ್ಮ ಒಳ್ಳೆಯ ಕೆಲಸದಿಂದಲೇ ಹುಟ್ಟಿದೆ. 2014ರಿಂದೀಚೆಗೆ ಮನೆಮನೆಗೂ ಶೌಚಾಲಯಗಳಾದುವು. ಬಯಲಿನ ಮಲ ಗುಂಡಿಗೆ ಬಂದಿತು. ಗುಂಡಿ ತುಂಬಿದ ಮೇಲೆ? ಅವಳಿ ಗುಂಡಿಗಳಿದ್ದು, ಒಂದು ತುಂಬಿದಾಗ ಅದನ್ನು ಮುಚ್ಚಿ ಒಂದೂವರೆ ಎರಡು ವರ್ಷ ಹಾಗೆಯೇ ಬಿಟ್ಟರೆ ಒಳಗಿನದು ಬಹುಮಟ್ಟಿಗೆ ನಿರಪಾಯವಾದ ಗೊಬ್ಬರವಾಗುತ್ತದೆ. ಒಂಟಿ ಗುಂಡಿಯಾದರೆ ಟ್ಯಾಂಕರು ಬರಬೇಕು. ಟ್ಯಾಂಕರು ಹೀರಿಕೊಂಡದ್ದನ್ನು ಎಲ್ಲಾದರೂ ಸುರಿಯಬೇಕು. ಸುರಿಯಲು ನಿಯತವಾದ ಸ್ಥಳವಿಲ್ಲದಿದ್ದರೆ ಕತ್ತಲಾದ ಮೇಲೆ ಹಳ್ಳವೇ ಆ ಸ್ಥಳವಾಗುತ್ತದೆ. ಇಂಥ ಕಸರನ್ನು ಸಂಸ್ಕರಿಸುವ ಪಟ್ಟಣಮಟ್ಟದ ಘಟಕ ದೇಶದಲ್ಲಿಯೇ ಮೊದಲಾಗಿ ಸ್ಥಾಪಿತವಾದದ್ದು ನಮ್ಮ ದೇವನಹಳ್ಳಿಯಲ್ಲಿ, 2015ರಲ್ಲಿ. ಮಾದರಿ ರಾಜ್ಯದಲ್ಲಿಯೇ ಇದೆ. ಅನುಕರಣೆ ಮಾತ್ರ ಮಂದವಾಗಿ ನಡೆದಿದೆ.

ಈ ದಾರಿಗಳೆಲ್ಲ ವರ್ಷವಿಡೀ ಸಮನಾಗಿ ಹರಿಯುವುದಿಲ್ಲ. ನಾಲೆಯ ನೀರು ನಿಂತು ಹಳ್ಳ ಮಡುಗಳಾಗಿ ಒಡೆದ ಬೇಸಗೆಯಲ್ಲಿ ಕೊಳೆ ಮಡುವಿನಲ್ಲಿ ಸಾಂದ್ರವಾಗುತ್ತದೆ. ಆಮೇಲೆ ಬರುವ ಭರಣಿಯ ಮೊದಲ ಹದಮಳೆ ರೈತನಿಗೆ ಪರಮಾನಂದವನ್ನು ತರುವುದು ನಿಜವಾದರೂ, ನೆಲದ ಮೇಲೆ ತಿಂಗಳುಗಳಿಂದ ಸಂಚಿತವಾದ ಸಮಸ್ತ ಮಲವನ್ನೂ ಒಂದೇ ಗಳಿಗೆಯಲ್ಲಿ ಹಳ್ಳಕ್ಕೆ ಗುಡಿಸಿ ತರುವುದೂ ಅದೇ. ತಳದ ಕೆಸರಿನಲ್ಲಿ ಬಿಸಿಲಿನಿಂದ ಮರೆಯಾಗಿ ಬದುಕುಳಿದಿದ್ದ ಬ್ಯಾಕ್ಟೀರಿಯಗಳನ್ನು ಕದಡಿ ಎಬ್ಬಿಸುವುದೂ ಅದೇ. ಹಸ್ತ ಚಿತ್ತ ಮಳೆಗಳಲ್ಲಿ ಇದು ಮತ್ತೊಮ್ಮೆ ನಡೆಯುತ್ತದೆ. ಆಗ ಗದ್ದೆಯ ಕೆಸರಿನಲ್ಲಿ ಬರಿಗಾಲಿನಲ್ಲಿ ನಿಂತವರಿಗೆ ಇಲಿಯ ಮೂತ್ರದಿಂದ ಹರಡುವ ಇಲಿಜ್ವರದ ಭಯವೂ ಕೂಡಿಕೊಳ್ಳುತ್ತದೆ. ಆದಕಾರಣ ಒಂದು ದಿನದ ಒಂದು ಪರೀಕ್ಷೆಯಿಂದ ಹಳ್ಳದ ಶೀಲವನ್ನು ನಿರ್ಧರಿಸುವುದು, ವರ್ಷದ ಒಂದು ದಿನ ನೋಡಿ ಬೆಳೆಯನ್ನು ಅಂದಾಜು ಮಾಡಿದಷ್ಟೇ ಅವಿವೇಕ.

5

ಕಳೆದುಕೊಂಡ ಒಂದು ರಕ್ಷೆಯ ವಿಷಯವನ್ನು ವಿಸ್ತಾರವಾಗಿ ಹೇಳಲು ಅಪ್ಪಣೆ ಬೇಡುತ್ತೇನೆ. ಹಿಂದಿನ ಕಾಲದ ನಮ್ಮ ಹೆಣ್ಣುಮಕ್ಕಳು ಹರಿಯುವ ಹೊಳೆಯಿಂದ ನೇರವಾಗಿ ಕುಡಿಯುವ ನೀರನ್ನು ತುಂಬುತ್ತಿರಲಿಲ್ಲ. ಪಾತ್ರದ ಮರಳಿನಲ್ಲಿ ಗುಂಡಿ ತೋಡಿ, ಮೊದಲು ಊರಿದ ಕದಡು ನೀರನ್ನು ಎತ್ತಿ ಚೆಲ್ಲಿ, ಆಮೇಲೆ ಜಿನುಗಿದ ತಿಳಿಯಾದ ಒರತೆಯನ್ನು ಚಿಪ್ಪಿನಿಂದ ಕೊಡಕ್ಕೆ ತುಂಬುತ್ತಿದ್ದರು. ಈ ಪದ್ಧತಿಯ ಶಾಸ್ತ್ರೀಯತೆಗೆ ಸಾಕ್ಷ್ಯ ಜರ್ಮನಿಯಲ್ಲಿದೆ. 1892ರಲ್ಲಿ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ತಗುಲಿ 8,000ಕ್ಕೂ ಹೆಚ್ಚು ಮಂದಿ ಮಡಿದರು. ಅದಕ್ಕೆ ಅಂಟಿಕೊಂಡಿದ್ದ ಆಲ್ಟೋನಾ ಪಟ್ಟಣವು ಅದೇ ಎಲ್ಬ್ ನದಿಯ ನೀರನ್ನು, ಅದೂ ಹ್ಯಾಂಬರ್ಗಿನ ಚರಂಡಿಗಳು ಸೇರಿದ ಮೇಲಣ ನೀರನ್ನು, ಎತ್ತಿಕೊಳ್ಳುತ್ತಿದ್ದರೂ ಬಹುಮಟ್ಟಿಗೆ ಪಾರಾಯಿತು. ವ್ಯತ್ಯಾಸವಿದ್ದುದು ಒಂದರಲ್ಲಿ ಮಾತ್ರ: ಆಲ್ಟೋನಾ ತನ್ನ ನೀರನ್ನು ಮರಳಿನ ಹಾಸಿನ ಮೂಲಕ ನಿಧಾನವಾಗಿ ಸೋಸುತ್ತಿತ್ತು, ಹ್ಯಾಂಬರ್ಗ್ ಹಾಗೆಯೇ ಕುಡಿಸುತ್ತಿತ್ತು. ಮರಳಿನ ಮೇಲ್ಪದರದಲ್ಲಿ ಬೆಳೆಯುವ ಜೀವಂತ ಪೊರೆಯೊಂದು ರೋಗಾಣುಗಳನ್ನು ಹಿಡಿದು ಜೀರ್ಣಿಸುವುದೇ ಈ ಶೋಧನೆಯ ರಹಸ್ಯ.

ಶಿಂಷೆಯ ಮರಳು ಇಂಥ ಶೋಧಕವಾಗಿತ್ತು. ಕಟ್ಟಡಗಳಿಗಾಗಿ ಅದನ್ನು ಲಾರಿಗಳಲ್ಲಿ ತುಂಬಿ ಸಾಗಿಸಿದಾಗ ನಾವು ನಷ್ಟವನ್ನು ಅಂತರ್ಜಲದ ಮಟ್ಟದಲ್ಲಿಯೂ ಸರ್ಕಾರದ ರಾಜಧನದಲ್ಲಿಯೂ ಲೆಕ್ಕಹಾಕಿದೆವು; ಊರುಗಳು ವೆಚ್ಚವಿಲ್ಲದೆ ಪಡೆದಿದ್ದ ಜಲಶುದ್ಧೀಕರಣ ಯಂತ್ರವೊಂದು ಹೋಯಿತೆಂದು ಯಾರೂ ಬರೆದಿಡಲಿಲ್ಲ. ಮರಳು ಹೋದಲ್ಲಿ ಕೆಸರು ಉಳಿದಿದೆ. ಕೆಸರಿನಲ್ಲಿ ಒರತೆ ತೋಡುವಂತಿಲ್ಲ.

6

ಈಗ ಹಳ್ಳದ ನೀರನ್ನು ಕುಡಿಯುವವರು ಯಾರಿದ್ದಾರೆ, ಊರಿಗೊಂದು ಶುದ್ಧ ಕುಡಿಯುವ ನೀರಿನ ಘಟಕವಿದೆಯಲ್ಲ, ಎಂದು ತಾವು ಕೇಳಬಹುದು. ಘಟಕದ ಉಪಕಾರವನ್ನು ನಾನು ಅಲ್ಲಗಳೆಯೆನು. ಆದರೆ ಅದರ ಸೂಕ್ಷ್ಮ ಪೊರೆಯಿಂದ ಹೊರಬಂದ ನೀರಿನಲ್ಲಿ ಕ್ಲೋರಿನ್ನಿನ ಕಾವಲು ಇರುವುದಿಲ್ಲ; ಕ್ಯಾನು ಕೊಳೆಯಾಗಿದ್ದರೆ ಆ ನೀರು ಮನೆ ತಲಪುವುದರೊಳಗೆ ಮತ್ತೆ ಕೆಡುತ್ತದೆ. ನಲ್ಲಿಯ ನೀರಿಗೂ ಅಪಾಯ ತಪ್ಪಿದ್ದಲ್ಲ. ದಿನಕ್ಕೊಂದು ಗಳಿಗೆ ಮಾತ್ರ ನೀರು ಬಿಡುವ ಕೊಳವೆಯಲ್ಲಿ ಉಳಿದ ಹೊತ್ತು ಒತ್ತಡವಿರುವುದಿಲ್ಲ. ಕೊಳವೆ ಚರಂಡಿಯೊಳಗೆ ಹಾದುಹೋಗಿದ್ದು ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಆ ಚರಂಡಿಯ ನೀರೇ ಒಳಕ್ಕೆ ಎಳೆಯಲ್ಪಡುತ್ತದೆ. ಸಾವಿರ ಲೀಟರು ತಿಳಿನೀರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರು ಸಾಮಾನ್ಯವಾಗಿ ಸಾಕು. ಬೆರೆಸಿ ಅರ್ಧ ಗಂಟೆ ಬಿಡಬೇಕು. ಕೊನೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇಷ್ಟು ಅಗ್ಗದ ಈ ವಿಧಿ ತಪ್ಪುವುದು, ತೆರೆದಿಟ್ಟ ಚೀಲದಲ್ಲಿ ಪೌಡರು ತೇವಕ್ಕೆ ಸತ್ವಗೆಟ್ಟಿರುವುದರಿಂದ, ಇಲ್ಲವೆ ಕದಡಿದ ನೀರಿನ ಮಣ್ಣೇ ಕ್ಲೋರಿನ್ನನ್ನು ಕಬಳಿಸುವುದರಿಂದ.

ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯನ್ನು ತಾವೆಲ್ಲ ಬಲ್ಲಿರಿ. ಶಿವನಸಮುದ್ರದ ಮೇಲ್ಗಡೆಯಿಂದ ಎತ್ತಿದ ಕಾವೇರಿಯ ನೀರು ಅಲ್ಲಿ ಶುದ್ಧವಾಗಿ, ಸುಮಾರು ನೂರು ಕಿಲೋಮೀಟರು ದೂರವನ್ನು ಕ್ರಮಿಸಿ, ಐದುನೂರು ಮೀಟರಿನಷ್ಟು ಎತ್ತರವನ್ನು ಏರಿ, ಬೆಂಗಳೂರನ್ನು ಸೇರುತ್ತದೆ. 1974ರಲ್ಲಿ ಮೊದಲ ಹಂತ ಆರಂಭವಾದ ಈ ಯೋಜನೆಯ ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಲೋಕಾರ್ಪಣೆಯಾಯಿತು. ಅದೊಂದರಿಂದಲೇ ದಿನಕ್ಕೆ 775 ದಶಲಕ್ಷ ಲೀಟರು. ಈ ಸಾಧನೆಯನ್ನು ಮೆಚ್ಚುತ್ತಲೇ ಭೂಗೋಳದ ಒಂದು ಸೂಕ್ಷ್ಮವನ್ನು ಗಮನಿಸಬೇಕು: ಶಿಂಷೆಯು ಕಾವೇರಿಯನ್ನು ಕೂಡುವುದು ರಾಜಧಾನಿಗೆ ನೀರೆತ್ತುವ ಸ್ಥಳದಿಂದ ಕೆಳಗೆ. ಶಿಂಷೆ ಕೆಟ್ಟರೆ ಬೆಂಗಳೂರಿನ ಲೋಟ ಕೆಡುವುದಿಲ್ಲ. ಶಕ್ತಿವಂತರ ಬಾಯಾರಿಕೆ ತಣಿಸುವ ನದಿಗೆ ಕಾವಲುಗಾರರು ತಾವಾಗಿಯೇ ಹುಟ್ಟಿಕೊಳ್ಳುತ್ತಾರೆ; ಶಿಂಷೆಗೂ ಅದರ ಹಳ್ಳಗಳಿಗೂ ಕಾವಲುಗಾರರು ದಡದ ಊರವರೇ ಆಗಬೇಕು.

7

ಹಾಗಾದರೆ ಮಾಡತಕ್ಕದ್ದೇನು? ನಾನು ಸೂಚಿಸುವುದು ಅತ್ಯಲ್ಪ. ನಮ್ಮ ಗ್ರಾಮವ್ಯವಸ್ಥೆಯಲ್ಲಿ ನೀರುಗಂಟಿಯೆಂಬ ಊಳಿಗದವನು ಇದ್ದನು. ಯಾರ ಗದ್ದೆಗೆ ಯಾವ ಜಾವದಲ್ಲಿ ಎಷ್ಟು ನೀರೆಂಬುದು ಅವನ ತೀರ್ಮಾನ. ಇಂದಿಗೂ ಪಂಚಾಯಿತಿಯಲ್ಲಿ ಆ ಹೆಸರಿನವರು ಇದ್ದಾರೆ. ನೀರಿನ ಪ್ರಮಾಣವನ್ನು ಕಾಯುವ ಈ ಪದವಿಗೆ ನೀರಿನ ಗುಣವನ್ನೂ ಸೇರಿಸೋಣ. ಪ್ರತಿ ಹಳ್ಳಕ್ಕೂ ಊರು ಪ್ರವೇಶಿಸುವಲ್ಲಿ ಒಂದು, ಊರು ಬಿಡುವಲ್ಲಿ ಒಂದು, ಹೀಗೆ ಎರಡು ಸ್ಥಳಗಳನ್ನು ಗೊತ್ತುಮಾಡಿ, ಭರಣಿಗೆ ಮುನ್ನ ಒಮ್ಮೆ, ಭರಣಿಯ ಮೊದಲ ಮಳೆ ಬಿದ್ದ ಮೇಲೆ ಒಮ್ಮೆ, ನಾಲೆಗೆ ನೀರು ಬಿಟ್ಟು ಹದಿನೈದು ದಿನಗಳಾದ ಮೇಲೆ ಒಮ್ಮೆ, ಹಸ್ತ ಚಿತ್ತಗಳು ಕಳೆದ ಮೇಲೆ ಒಮ್ಮೆ ಮಾದರಿಯನ್ನು ತೆಗೆದು, ತಾಲ್ಲೂಕು ಜಿಲ್ಲೆಗಳ ಪ್ರಯೋಗಶಾಲೆಯಲ್ಲಿ ಎಣಿಸಿ, ಫಲವನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಯತಕ್ಕದ್ದು. ಎರಡು ಸಂಖ್ಯೆಗಳ ವ್ಯತ್ಯಾಸವೇ ಆ ಊರು ಹಳ್ಳಕ್ಕೆ ಸೇರಿಸಿದ ಪಾಲು. ಮೇಲಣ ಊರಿನವರನ್ನು ದೂರುವ ಮೊದಲು ತಮ್ಮ ಪಾಲೆಷ್ಟೆಂದು ತಿಳಿಯುವುದಕ್ಕೂ, ತಮ್ಮ ಪಾಲು ಇಲ್ಲದಿದ್ದಲ್ಲಿ ಧೈರ್ಯವಾಗಿ ದೂರುವುದಕ್ಕೂ ಇದು ಸಾಧನ.

ಈ ಲೆಕ್ಕ ಒಂದು ವರ್ಷ ನಡೆದರೆ ಮಿಕ್ಕ ಕೆಲಸಗಳಿಗೆ ದಾರಿ ತಾನಾಗಿ ಕಾಣುತ್ತದೆ. ಸಂಖ್ಯೆ ಎಲ್ಲಿ ಏರಿತೋ ಅಲ್ಲಿ ತಿಪ್ಪೆಯನ್ನು ಏರಿಯಿಂದ ಹಿಂದಕ್ಕೆ ಸರಿಸುವುದೋ, ಚರಂಡಿಯ ತುದಿಯಲ್ಲಿ ಇಂಗುಗುಂಡಿ ತೋಡುವುದೋ, ದನಗಳಿಗೆ ಹಳ್ಳದ ಹೊರಗೆ ತೊಟ್ಟಿ ಕಟ್ಟುವುದೋ, ಟ್ಯಾಂಕರಿಗೆ ನಿಯತ ಸ್ಥಳವನ್ನು ಕೊಡುವುದೋ ಆಯಾ ಊರು ನಿಶ್ಚಯಿಸಲಿ. 1974ರ ಜಲಮಾಲಿನ್ಯ ನಿಯಂತ್ರಣ ಶಾಸನವೂ, ಅದೇ ವರ್ಷ ಹುಟ್ಟಿದ ರಾಜ್ಯ ಮಂಡಳಿಯೂ ದೊಡ್ಡ ಕಾರ್ಖಾನೆಗಳನ್ನು ನೋಡಿಕೊಳ್ಳಬೇಕು. ಹಿತ್ತಲಿನ ಬಚ್ಚಲನ್ನು ನೋಡಲು ಬೆಂಗಳೂರಿನಿಂದ ಯಾರೂ ಬರಲಾರರು, ಬರಬೇಕಾದುದೂ ಇಲ್ಲ.

ಬಡ ಪಂಚಾಯಿತಿಗೆ ಇದು ಹೊರೆಯಲ್ಲವೆ ಎಂಬ ಆಕ್ಷೇಪಣೆಗೆ ಉತ್ತರ ಹೇಳಿ ಮುಗಿಸುತ್ತೇನೆ. ಒಂದು ಹಳ್ಳಕ್ಕೆ ವರ್ಷಕ್ಕೆ ಎಂಟು ಮಾದರಿಗಳು. ಒಂದು ಮನೆಯಲ್ಲಿ ಒಬ್ಬರಿಗೆ ವಿಷಮಶೀತಜ್ವರ ಬಂದು ಆಸ್ಪತ್ರೆಯಲ್ಲಿ ಒಂದು ವಾರ ಮಲಗಿದರೆ ಆಗುವ ವೆಚ್ಚವನ್ನೂ, ಕಳೆದುಹೋಗುವ ಕೂಲಿಯನ್ನೂ, ಮಾಡಿಕೊಂಡ ಸಾಲದ ಬಡ್ಡಿಯನ್ನೂ ಇದರ ಪಕ್ಕದಲ್ಲಿ ಬರೆದು ನೋಡಿದರೆ ಯಾವುದು ಹೊರೆಯೆಂಬುದು ಗ್ರಾಮಸಭೆಗೆ ತಾನೇ ತಿಳಿಯುತ್ತದೆ. ಈ ಸಭೆಯಲ್ಲಿ ಹತ್ತಾರು ಊರುಗಳವರು ಕುಳಿತಿದ್ದೀರಿ. ಅವುಗಳಲ್ಲಿ ಹಳ್ಳವೊಂದರ ಮೇಲೂ ಕೆಳಗೂ ಇರುವ ಎರಡು ಊರುಗಳು, ಎರಡೇ ಸಾಕು, ಮುಂದಿನ ಭರಣಿಯಿಂದ ಈ ಲೆಕ್ಕವನ್ನು ಆರಂಭಿಸುವುದಾಗಿ ಇಂದು ಸಂಚಾಲಕರಲ್ಲಿ ಹೆಸರು ಬರೆಯಿಸಿದರೆ, ದತ್ತಿಯ ಉದ್ದೇಶ ಸಫಲವಾಯಿತೆಂದು ನಾನು ಭಾವಿಸುತ್ತೇನೆ.